ಮೊದಲು ನಿಲ್ಲುವ ಜಾಗ, ಆಮೇಲೆ ಲೆನ್ಸ್

ಬೇಲೂರಿಗೆ ಹೋದಾಗ ನಾನು ಕ್ಯಾಮೆರಾವನ್ನು ಬ್ಯಾಗಿನಿಂದ ತೆಗೆಯದೆ ಸುಮ್ನೆ ಒಂದು ಸುತ್ತು ಹಾಕುತ್ತೇನೆ. ಎಲ್ಲಿ ನಿಲ್ಲಬೇಕು ಅನ್ನುವುದು ಮೊದಲು ಗೊತ್ತಾಗಬೇಕು. ಯಾವ ಲೆನ್ಸ್ ಅನ್ನುವುದು ಆಮೇಲಿನ ಮಾತು.

ಮದನಿಕೆಯರನ್ನೇ, ಅಂದರೆ ಸೂರಿಗೆ ಆತುಕೊಂಡ ಹೆಣ್ಣಿನ ಶಿಲ್ಪಗಳನ್ನೇ ತಗೊಳ್ಳಿ. ಚೆನ್ನಕೇಶವನ ಗುಡಿಯ ಹೊರಗೆ, ಸೂರಿನ ಅಡಿಯಲ್ಲಿ 38 ಮದನಿಕೆಯರಿದ್ದಾರೆ. ನೆಟ್ಟಗೆ ನಿಂತಿಲ್ಲ, ಕೆಳಗಿರುವ ನಮ್ಮ ಕಡೆಗೆ ಕೊಂಚ ಬಾಗಿದ್ದಾರೆ. ನೋಡುವವರು ಎಲ್ಲಿರುತ್ತಾರೆ ಅಂತ ಯೋಚಿಸಿಯೇ ಶಿಲ್ಪಿ ಹೀಗೆ ಕೂರಿಸಿರಬೇಕು. ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆ) ಮೇಲೆ, ಶಿಲ್ಪದ ಬುಡದಲ್ಲೇ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಕಾಲು ದಪ್ಪ, ಮುಖ ಚಿಕ್ಕದು. ಹಾಗಾಗಿ ನಾನು ಜಗತಿ ಇಳಿದು ಅಂಗಳಕ್ಕೆ ಬರುತ್ತೇನೆ. ಮುಖ, ಸೊಂಟ, ಪಾದ ಎಲ್ಲ ತಮ್ಮ ಅಳತೆಗೆ ಬರುವವರೆಗೂ ಹಿಂದೆ ಹಿಂದೆ ಸರಿಯುತ್ತೇನೆ. ಅಲ್ಲಿಂದ ದೂರದ್ದನ್ನು ಹತ್ತಿರ ತರುವ 200 ಎಂಎಂ ಲೆನ್ಸ್. ದರ್ಪಣ ಸುಂದರಿಯಾದರೆ ಅವಳನ್ನು ಫ್ರೇಮಿನ ನಟ್ಟನಡುವೆ ಇಡುವುದಿಲ್ಲ. ಅವಳು ನೋಡುತ್ತಿರುವುದು ಕನ್ನಡಿಯನ್ನು ಅಲ್ವಾ? ಆ ಕಡೆ ಜಾಗ ಜಾಸ್ತಿ ಬಿಡುತ್ತೇನೆ, ಬೆನ್ನಿನ ಕಡೆ ಕಡಿಮೆ. ಆಗ ನಮ್ಮ ಕಣ್ಣೂ ಅವಳ ನೋಟದ ಹಿಂದೆಯೇ ಹೋಗುತ್ತದೆ. ಕಲ್ಲು ಕಪ್ಪಾದ್ದರಿಂದ ಕ್ಯಾಮೆರಾ ಅದನ್ನು ಬೆಳ್ಳಗೆ ಮಾಡಲು ನೋಡುತ್ತದೆ, ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಸ್ವಲ್ಪ ಇಳಿಸಬೇಕು. ಪೂರ್ವದ ಬಾಗಿಲ ಕಡೆಯ ಮದನಿಕೆಯರಿಗೆ ಬೆಳಗಿನ ಬಿಸಿಲೇ ಚೆಂದ. ಸೂರ್ಯ ಇನ್ನೂ ಕೆಳಗಿರುವಾಗ ಬೆಳಕು ಸೂರಿನ ಅಡಿಗೂ ನುಗ್ಗುತ್ತದೆ. ನೆತ್ತಿಗೆ ಬಂತೋ, ಮುಖದ ತುಂಬ ನೆರಳು.

ಹಳೇಬೀಡಿನಲ್ಲಿ ನನ್ನ ಕೆಲಸ ಇದಕ್ಕೆ ತದ್ವಿರುದ್ಧ. ಅಲ್ಲಿ ನೆಲಕ್ಕೆ ಕೂರುತ್ತೇನೆ. ಹೊಯ್ಸಳೇಶ್ವರ ಗುಡಿಯ ಗೋಡೆಯ ತೀರಾ ಕೆಳಗಿನ ಸಾಲು ಆನೆಗಳದ್ದು, ನಿಂತು ತೆಗೆದರೆ ಬರೀ ಬೆನ್ನು ಕಾಣುತ್ತದೆ. ಲೆನ್ಸನ್ನು ಆನೆಯ ಕಣ್ಣಿನ ಮಟ್ಟಕ್ಕೆ ತಂದು, ಗೋಡೆಗೆ ಹತ್ತಿರ ಒರಗಿ ಓರೆಯಾಗಿ ನೋಡಿದರೆ ಇಡೀ ಸಾಲು ಫ್ರೇಮಿನ ಒಂದು ಮೂಲೆಯಿಂದ ಹೊರಟು ಒಳಗೆ ನಡೆದುಹೋಗುತ್ತದೆ. ಗೋಡೆ ಮಡಿಕೆ ಮಡಿಕೆಯಾಗಿರುವುದರಿಂದ ಸಾಲು ಅಲ್ಲಲ್ಲಿ ತಿರುಗುತ್ತದೆ. ಆ ತಿರುವು ಫ್ರೇಮಿನೊಳಗೆ ಬರುವ ಜಾಗವನ್ನೇ ನಾನು ಹುಡುಕುವುದು. ಹತ್ತಿರದ ಆನೆಯೊಂದೇ ಸ್ಪಷ್ಟವಾಗಿರಲಿ ಅನ್ನಿಸಿದರೆ ಲೆನ್ಸಿನ ಕಿಂಡಿ (ಅಪರ್ಚರ್) ದೊಡ್ಡದಾಗಿ ಎಫ್/4, ಸಾಲೆಲ್ಲ ಬೇಕೆಂದರೆ ಚಿಕ್ಕದಾಗಿ ಎಫ್/11. ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಮೇಲೆ ಹೋಗುತ್ತೇನೆ. ಬಿಸಿಲು ಪಕ್ಕದಿಂದ ಸವರಿಕೊಂಡು ಬಿದ್ದಾಗ ಒಡವೆಯ ಒಂದೊಂದು ಮಣಿಯೂ ಎದ್ದು ನಿಲ್ಲುತ್ತದೆ.

ಶ್ರವಣಬೆಳಗೊಳದ ಗೊಮ್ಮಟನಿಗೂ ಇದೇ ಲೆಕ್ಕ. 57 ಅಡಿಯ ಮೂರ್ತಿ, ಪ್ರಾಂಗಣದಲ್ಲಿ ಹಿಂದೆ ಸರಿಯಲು ಜಾಗ ಸಾಲದು. ಮೂರ್ತಿ ಉತ್ತರಕ್ಕೆ ಮುಖ ಮಾಡಿದೆ, ಎದುರಿನ ಚಂದ್ರಗಿರಿ ಬೆಟ್ಟ ಇರುವುದೂ ಆ ಕಡೆಗೇ. ಚಂದ್ರಗಿರಿ ಹತ್ತಿ ಉದ್ದದ ಲೆನ್ಸಿನಲ್ಲಿ ನೋಡಿದರೆ ಪ್ರಾಂಗಣದ ಗೋಡೆಗಳಿಗಿಂತ ಮೇಲೆ ಗೊಮ್ಮಟನ ಮುಖ, ಭುಜ ಕಾಣುತ್ತವೆ, ಅಳತೆ ಎಲ್ಲೂ ಕೆಡುವುದಿಲ್ಲ. ಮೊಬೈಲಿನಲ್ಲಿ ತೆಗೆಯುವವರು ಇಲ್ಲಿ ಜೂಮ್ ಮಾಡುವ ಬದಲು ಕೆಳಗಿನ ಕಲ್ಯಾಣಿ, ಬೆಟ್ಟ, ಮೇಲೆ ಮೂರ್ತಿ ಮೂರನ್ನೂ ಸೇರಿಸಿ ಉದ್ದುದ್ದ ಫ್ರೇಮ್ ಮಾಡಿ ನೋಡಿ.