ಶುಗರ್ ಹುಣ್ಣಿನ ಮೇಲಿಂದ ಭಾರ ಇಳಿಸೋದು ಹೇಗೆ?

ನಮ್ಮಪ್ಪಂಗೆ ಬಲಗಾಲಿನ ಅಂಗಾಲಲ್ಲಿ, ಹೆಬ್ಬೆರಳಿನ ಬುಡಕ್ಕೆ, ಎಂಟಾಣೆ ಅಗಲದ ಹುಣ್ಣಾಗಿತ್ತು. ನಾಲ್ಕು ತಿಂಗಳು ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸಿದ್ವಿ, ಆಂಟಿಬಯಾಟಿಕ್ ನುಂಗಿಸಿದ್ವಿ, ಯಾರೋ ಹೇಳಿದ್ರು ಅಂತ ಜೇನುತುಪ್ಪನೂ ಹಚ್ಚಿದ್ವಿ, ಹುಣ್ಣು ಮಾತ್ರ ಜಗ್ಗಲಿಲ್ಲ. ಆಮೇಲೆ ಪಾದದ ಕ್ಲಿನಿಕ್ ಒಂದರಲ್ಲಿ ಮೊಣಕಾಲಿನ ಕೆಳಗಿನ ತನಕ ಬರೋ, ವೆಲ್ಕ್ರೋ ಪಟ್ಟಿ ಇರೋ ದೊಡ್ಡ ಬೂಟು ಕೊಟ್ರು. ಮೂರು ವಾರ ಬಿಟ್ಟು ಹೋದಾಗ ಡಾಕ್ಟರು ಹುಣ್ಣು ನೋಡೋಕ್ ಮುಂಚೆ ಬೂಟನ್ನ ತಿರುಗಿಸಿ ತಳ ನೋಡಿದ್ರು. ರೇಟಿನ ಸ್ಟಿಕರ್ ಇನ್ನೂ ಅಲ್ಲೇ ಇತ್ತು, ಒಂದಕ್ಷರನೂ ಅಳಿಸಿರ್ಲಿಲ್ಲ. "ಯಜಮಾನ್ರೇ, ಇದು ನನ್ನ ನೋಡೋಕ್ ಬರೋವಾಗ ಮಾತ್ರ ಹಾಕೋ ಬೂಟಾ?" ಅಂದ್ರು. ಅಪ್ಪ ಸುಮ್ನೆ ನನ್ನ ಮುಖ ನೋಡಿದ್ರು.

ನಾನು ಡಾಕ್ಟರಲ್ಲ. ಆ ಸ್ಟಿಕರ್ ನೋಡಿದ ಮೇಲೆ ಕೇಳಿ, ಓದಿ, ಮನೆಯಲ್ಲಿ ಮಾಡಿ ಕಲಿತಿದ್ದನ್ನ ಬರೀತಿದೀನಿ. ಪ್ಲಾಸ್ಟರ್ ಹಾಕೋದು, ಜಡ್ಡು ಕತ್ತರಿಸೋದು ಕಲಿತವರ ಕೆಲಸ, ಅದನ್ನ ಮನೇಲಿ ಬ್ಲೇಡ್ ಹಿಡ್ಕೊಂಡು ಟ್ರೈ ಮಾಡ್ಬೇಡಿ. ಮಿಕ್ಕಿದ್ದೆಲ್ಲ ಮನೆಯವರ ಕೆಲಸನೇ.

ಮೊದಲು ಯಾಕೆ ಅಂತ ಅರ್ಥ ಮಾಡ್ಕೊಳ್ಳಿ, ಇಲ್ದಿದ್ರೆ ಯಾರೂ ಆ ಭಾರದ ಬೂಟು ಹಾಕ್ಕೊಳಲ್ಲ. ನಮ್ಮ ಕಾಲಿಗೆ ಮುಳ್ಳು ಚುಚ್ಚಿದ್ರೆ ಕುಂಟ್ತೀವಿ, ಅಂದ್ರೆ ಗಾಯದ ಮೇಲೆ ಭಾರ ಬೀಳದ ಹಾಗೆ ಮೈಯೇ ನೋಡ್ಕೊಳತ್ತೆ. ವರ್ಷಗಟ್ಟಲೆ ಶುಗರ್ ಇದ್ದು ಕಾಲಿನ ನರ ಸತ್ತೋರು ಕುಂಟಲ್ಲ, ಹುಣ್ಣಿನ ಮೇಲೇ ಆರಾಮಾಗಿ ನಡೀತಾರೆ. ಕ್ಲಿನಿಕ್‌ನಲ್ಲಿ ಒಂದು ನೈಲಾನ್ ದಾರದ ಕಡ್ಡಿ ಇಟ್ಕೊಂಡಿರ್ತಾರೆ, ಚರ್ಮಕ್ಕೆ ಒತ್ತಿದ್ರೆ 10 ಗ್ರಾಂ ಭಾರಕ್ಕೆ ಬಾಗತ್ತೆ. ಅದು ತಾಗಿದ್ದು ಅಪ್ಪಂಗೆ ಅಂಗಾಲಲ್ಲಿ ಎಲ್ಲೂ ಗೊತ್ತಾಗ್ಲಿಲ್ಲ. ಅಂಥ ಕಾಲಲ್ಲಿ ದಿನಸಿ ಅಂಗಡೀಲಿ ಹತ್ತು ಗಂಟೆ ನಿಂತ್ಕೊಂಡ್ರೆ ಯಾವ ಮುಲಾಮು ತಾನೇ ಕೆಲಸ ಮಾಡತ್ತೆ ಹೇಳಿ.

ಸಾಧನ ತಗೊಳೋಕ್ ಮುಂಚೆ ಎರಡು ವಿಷಯ ಡಾಕ್ಟರ ಹತ್ರ ಕೇಳಿ: ಕಾಲಿಗೆ ರಕ್ತ ಸರಿಯಾಗಿ ಹೋಗ್ತಿದೆಯಾ, ಹುಣ್ಣಲ್ಲಿ ಸೋಂಕು ಇದೆಯಾ. ಕೀವು ಜಾಸ್ತಿ ಇದ್ರೆ, ರಕ್ತನಾಳ ಕಟ್ಟಿದ್ರೆ, ಬಿಚ್ಚೋಕಾಗದ ಪ್ಲಾಸ್ಟರ್ ಹಾಕೋದು ಅಪಾಯ, ಮೊದಲು ಅದಕ್ಕೆ ಟ್ರೀಟ್‌ಮೆಂಟ್ ಆಗ್ಬೇಕು. ಮೂಳೆಗೆ ಇಳಿದಿದೆಯಾ ಅಂತ ಎಕ್ಸ್‌ರೇ ಕೂಡ ತೆಗೀತಾರೆ.

ಇನ್ನು ಯಾವ ಸಾಧನ ಅನ್ನೋದು. ಎಲ್ಲಕ್ಕಿಂತ ಮೇಲಿರೋದು ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್, ಎಲ್ಲರೂ ಟಿಸಿಸಿ ಅಂತಾರೆ. ಮೂಳೆ ಮುರಿದಾಗ ಹಾಕೋ ಪ್ಲಾಸ್ಟರ್ ಥರಾನೇ ಕಾಣತ್ತೆ, ಆದ್ರೆ ಒಳಗೆ ಹತ್ತಿ ಕಮ್ಮಿ, ಪಾದದಿಂದ ಮೀನಖಂಡದ ತನಕ ಚರ್ಮಕ್ಕೆ ಅಚ್ಚು ಹೊಯ್ದ ಹಾಗೆ ಕೂತಿರತ್ತೆ. ಮೈ ಭಾರದ ಒಂದು ಪಾಲನ್ನ ಮೀನಖಂಡದ ಸುತ್ತಲಿನ ಗೋಡೆ ಹೊತ್ಕೊಳತ್ತೆ, ಉಳಿದಿದ್ದು ಇಡೀ ಪಾದಕ್ಕೆ ಹಂಚಿಹೋಗತ್ತೆ, ಹಿಮ್ಮಡಿ ಗಂಟು ಆಡದೇ ಇರೋದ್ರಿಂದ ಹೆಜ್ಜೆ ಎತ್ತುವಾಗ ಮುಂಗಾಲಿಗೆ ಬೀಳೋ ಒದೆತ ಕಮ್ಮಿ ಆಗತ್ತೆ. ಈ ವಿದ್ಯೆ ಶುಗರ್‌ಗೆ ಅಂತ ಹುಟ್ಟಿದ್ದಲ್ಲ, ಕುಷ್ಠರೋಗಿಗಳ ಪಾದದ ಹುಣ್ಣಿಗೆ ಸಿಲೋನ್‌ನಲ್ಲಿ, ಭಾರತದಲ್ಲಿ ಬಳಸ್ತಿದ್ದಿದ್ದು. ವೆಲ್ಲೂರಿನಲ್ಲಿ ಕೆಲಸ ಮಾಡ್ತಿದ್ದ ಸರ್ಜನ್ ಪಾಲ್ ಬ್ರ್ಯಾಂಡ್ 1960ರ ದಶಕದಲ್ಲಿ ಅದನ್ನ ಅಮೆರಿಕಕ್ಕೆ ತಗೊಂಡು ಹೋದ್ರು. ನಮ್ಮ ಪಕ್ಕದೂರಿನ ವಿದ್ಯೆ ನಮ್ಮೂರಿನ ಎಷ್ಟೋ ಡಾಕ್ಟರಿಗೇ ಗೊತ್ತಿಲ್ಲ ಅನ್ನೋದು ನನ್ನ ಹೊಟ್ಟೆಉರಿ.

ಟಿಸಿಸಿ ಹಾಕಿಸಿದ್ರೆ ಮೊದಲ ಸಲ ಬೇಗ, ಮೂರ್ನಾಲ್ಕು ದಿನಕ್ಕೋ ವಾರದೊಳಗೋ ಬಿಚ್ಚಿ ನೋಡ್ತಾರೆ, ಯಾಕಂದ್ರೆ ಬಾವು ಇಳಿದು ಪ್ಲಾಸ್ಟರ್ ಸಡಿಲ ಆಗತ್ತೆ, ಸಡಿಲ ಆದ್ರೆ ಒಳಗೆ ಉಜ್ಜಿ ಹೊಸ ಗಾಯ. ಆಮೇಲೆ ಸಾಮಾನ್ಯವಾಗಿ ವಾರಕ್ಕೊಂದು, ಎರಡು ವಾರಕ್ಕೊಂದು ಬದಲಾಯಿಸ್ತಾರೆ. ಹಾಕಿದ ತಕ್ಷಣ ಎದ್ದು ನಡೀಬೇಡಿ, ಒಣಗೋಕೆ ಎಷ್ಟೊತ್ತು ಬೇಕು ಅಂತ ಹಾಕಿದವರನ್ನೇ ಕೇಳಿ, ಫೈಬರ್ ಬೇಗ ಗಟ್ಟಿ ಆಗತ್ತೆ, ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದೆರಡು ದಿನನೇ ಬೇಕು.

ಎರಡನೇದು ನಮ್ಮಪ್ಪಂಗೆ ಕೊಟ್ಟ ವಾಕರ್ ಬೂಟು. ಕಾಲಿಗೆ ಚೆನ್ನಾಗಿ ಕೂತ್ರೆ ಟಿಸಿಸಿ ಥರಾನೇ ಭಾರ ಇಳಿಸತ್ತೆ, ಸಮಸ್ಯೆ ಏನಪ್ಪಾ ಅಂದ್ರೆ ಬಿಚ್ಚೋಕಾಗತ್ತೆ. ಅಮೆರಿಕದಲ್ಲಿ 2001ರಲ್ಲಿ ಬಂದ ಒಂದು ಅಧ್ಯಯನದಲ್ಲಿ 12 ವಾರದಲ್ಲಿ ಟಿಸಿಸಿ ಹಾಕಿದವರಲ್ಲಿ ಸುಮಾರು 90% ಜನಕ್ಕೆ ಹುಣ್ಣು ಮುಚ್ಚಿತ್ತು, ಬಿಚ್ಚೋ ವಾಕರ್ ಹಾಕಿದವರಲ್ಲಿ 65%, ಮುಂಗಾಲಿನ ಕೆಳಗೆ ತಳ ಇಲ್ಲದ ಅರ್ಧ ಶೂ ಹಾಕಿದವರಲ್ಲಿ 58%. ಇಷ್ಟು ವ್ಯತ್ಯಾಸ ಯಾಕೆ ಅನ್ನೋದಕ್ಕೆ 2003ರಲ್ಲಿ ಉತ್ತರ ಸಿಕ್ತು: ಬೂಟಲ್ಲೂ ಸೊಂಟದಲ್ಲೂ ಹೆಜ್ಜೆ ಎಣಿಸೋ ಯಂತ್ರ ಇಟ್ಟು ನೋಡಿದ್ರೆ, ದಿನದ ಒಟ್ಟು ಓಡಾಟದಲ್ಲಿ ಬೂಟು ಹಾಕ್ಕೊಂಡು ನಡೆದಿದ್ದು ಬರೀ 28%. ಅಪ್ಪಂದು ಅಷ್ಟೂ ಇರ್ಲಿಲ್ಲ ಬಿಡಿ. ಅದಕ್ಕೇ ಈಗ ವಾಕರ್ ಮೇಲೆ ಒಂದೆರಡು ಸುತ್ತು ಪ್ಲಾಸ್ಟರ್ ಪಟ್ಟಿ ಸುತ್ತಿ ಬಿಚ್ಚದ ಹಾಗೆ ಲಾಕ್ ಮಾಡೋ ಪದ್ಧತಿ ಇದೆ, ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಮುಂಗಾಲು, ನಡುಪಾದದ ಹುಣ್ಣಿಗೆ ಮೊದಲ ಆಯ್ಕೆ ಬಿಚ್ಚಲಾಗದ ಸಾಧನನೇ ಅಂತ ಹೇಳ್ತವೆ. ನಾವೂ ಕೊನೆಗೆ ಅದನ್ನೇ ಮಾಡಿಸಿದ್ದು. ಅಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ರು.

ಇದ್ಯಾವುದೂ ಸಿಗದ ಕಡೆ ಫೋಮ್, ಫೆಲ್ಟ್ ಪ್ಯಾಡು ಅಂಟಿಸ್ತಾರೆ, ಮಂದಾಕಿನಿ ಅನ್ನೋ ವಿಧಾನದಲ್ಲಿ ಬಳಸಿದ ಆಸ್ಪತ್ರೆ ಗ್ಲೌಸನ್ನೇ ಸುತ್ತಿ ಪ್ಯಾಡ್ ಮಾಡ್ತಾರೆ. ಏನೂ ಇಲ್ಲದ್ದಕ್ಕಿಂತ ವಾಸಿ. ಆದ್ರೆ ಹುಣ್ಣಿನ ಸುತ್ತ ವಡೆ ಥರ ತೂತಿರೋ ಪ್ಯಾಡು ನೀವೇ ಮಾಡಿ ಇಡ್ಬೇಡಿ, ಅಂಚಲ್ಲಿ ಒತ್ತಡ ಜಾಸ್ತಿ ಆಗಿ ಹುಣ್ಣು ದೊಡ್ಡದಾಗತ್ತೆ. ಮೆತ್ತನೆ ಚಪ್ಪಲಿ ಸಾಕು ಅಂದ್ಕೊಬೇಡಿ, ಅದು ಹುಣ್ಣು ವಾಸಿ ಆದ್ಮೇಲಿನ ಮಾತು.

ಸಾಧನ ಬಂತು, ಈಗ ನಿಜವಾದ ಕಷ್ಟ, ಅಂದ್ರೆ ಮನೆ. ನಮ್ಮಲ್ಲಿ ಅಜ್ಜಿ ಕಾಲದಿಂದ ಹೊಸಿಲೊಳಗೆ ಚಪ್ಪಲಿ ಬಂದಿಲ್ಲ, ದೇವರ ಮನೆ ಮುಂದೆ ಅಂತೂ ಕೇಳೋದೇ ಬೇಡ, ಅಪ್ಪ ಬೂಟನ್ನ ಬಾಗಿಲ ಹತ್ರ ಬಿಟ್ಟು ಒಳಗೆಲ್ಲ ಬರಿಗಾಲಲ್ಲೇ ಓಡಾಡ್ತಿದ್ರು, ಹೊರಗೆ ಹೋಗೋದಿದ್ರೆ ಬೂಟು ನೋಡಿದ ಜನ ಏನಾಯ್ತು ಅಂತ ಕೇಳ್ತಾರೆ ಅಂತ ಅಲ್ಲೂ ಹಾಕ್ತಿರ್ಲಿಲ್ಲ. ಅಮ್ಮ ಒಂದೇ ಮಾತಲ್ಲಿ ಮುಗಿಸಿದ್ರು: "ರೀ, ಅದು ಚಪ್ಪಲಿ ಅಲ್ಲ, ಬ್ಯಾಂಡೇಜು. ಬ್ಯಾಂಡೇಜ್ ಕಟ್ಕೊಂಡು ದೇವರ ಮುಂದೆ ಕೂರಲ್ವಾ?" ಅವತ್ತಿಂದ ಬಾಗಿಲಲ್ಲಿ ಒಂದು ಒದ್ದೆ ಬಟ್ಟೆ ಇಟ್ವಿ, ಹೊರಗಿಂದ ಬಂದ್ರೆ ತಳ ಒರೆಸೋದು, ಒಳಗೆ ಬರೋದು.

ರಾತ್ರಿ ಬಾತ್‌ರೂಮು ಎರಡನೇ ಶತ್ರು. ಬಿಚ್ಚೋ ಬೂಟಿದ್ರೆ ಮಂಚದಿಂದ ಕಾಲು ಕೆಳಗಿಡೋ ಜಾಗದಲ್ಲೇ ಇಡಿ, ಎಡವದಷ್ಟು ಪಕ್ಕಕ್ಕೆ, ಹತ್ತು ಹೆಜ್ಜೆ ತಾನೇ ಅಂತ ಹೋಗೋದೇ ರಾತ್ರಿಗೆ ನಾಲ್ಕು ಸಲ ಆಗತ್ತೆ. ಇಂಡಿಯನ್ ಟಾಯ್ಲೆಟ್‌ನಲ್ಲಿ ಈ ಬೂಟು ಹಾಕ್ಕೊಂಡು ಕೂರೋಕಾಗಲ್ಲ, ಕಮೋಡ್ ಚೇರ್ ಒಂದು ತಂದ್ಬಿಡಿ, ಮೆಡಿಕಲ್ ಅಂಗಡಿಗಳಲ್ಲಿ ಬಾಡಿಗೆಗೂ ಸಿಗತ್ತೆ. ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ, ಪ್ಲಾಸ್ಟರ್ ಇರೋ ಕಾಲಿಗೆ ಕವರ್ ಕಟ್ಟಿ ಸ್ಟೂಲ್ ಮೇಲೆ ಚಾಚಿಸಿ.

ಬೂಟಿನ ತಳ ದಪ್ಪ ಇರೋದ್ರಿಂದ ಒಂದು ಕಾಲು ಉದ್ದ ಆಗತ್ತೆ, ಸೊಂಟ ನೋವು, ಬೀಳೋ ಭಯ ಎರಡೂ ಬರತ್ತೆ. ಇನ್ನೊಂದು ಕಾಲಿನ ಚಪ್ಪಲಿಗೆ ಚಮ್ಮಾರರ ಹತ್ರ ಅಷ್ಟೇ ಎತ್ತರದ ಅಟ್ಟೆ ಅಂಟಿಸ್ಕೊಳ್ಳಿ, ಕೈಗೊಂದು ಕೋಲು ಕೊಡಿ. ಬಲಗಾಲಿಗೆ ಹಾಕಿದ್ರೆ ಗಾಡಿ ಓಡಿಸೋದು ನಿಲ್ಲಿಸಿ. ಭಾರ ಇಳಿಸಿದೀವಿ ಅಂತ ಊರೆಲ್ಲ ಸುತ್ತೋ ಹಾಗಿಲ್ಲ, ಹೆಜ್ಜೆನೂ ಕಮ್ಮಿ ಆಗ್ಬೇಕು, ನಾವು ಅಂಗಡೀಲಿ ಗಲ್ಲಾ ಪೆಟ್ಟಿಗೆ ಹತ್ರ ಕುರ್ಚಿ ಹಾಕಿ ತಕ್ಕಡಿ ಕೆಲಸ ಹುಡುಗಂಗೆ ಬಿಟ್ವಿ.

ದಿನಾ ಸಂಜೆ ಚೆನ್ನಾಗಿರೋ ಕಾಲನ್ನ ಕನ್ನಡಿ ಹಿಡಿದು ತಳದಿಂದ ನೋಡಿ, ಅದರ ಮೇಲೂ ಈಗ ಜಾಸ್ತಿ ಭಾರ. ಪ್ಲಾಸ್ಟರ್ ಮೇಲೆ ಹೊಸ ಕಲೆ, ಕೆಟ್ಟ ವಾಸನೆ, ಒಳಗೆ ಕಾಲು ಜಾರೋ ಹಾಗಾಗೋದು, ತೊಡೆ ಸಂದಿಯಲ್ಲಿ ಗಂಟು, ಚಳಿ ಜ್ವರ, ಕಾರಣ ಇಲ್ಲದೇ ಶುಗರ್ ಏರೋದು, ಇದರಲ್ಲಿ ಒಂದು ಕಂಡ್ರೂ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ, ಅವತ್ತೇ ಹೋಗಿ ಬಿಚ್ಚಿಸಿ. ನೋವಿಲ್ಲ ಅಂದ್ರೆ ಏನೂ ಆಗಿಲ್ಲ ಅಂತಲ್ಲ.

ಅಪ್ಪನ ಹುಣ್ಣು ಲಾಕ್ ಮಾಡಿದ ಮೇಲೆ ಒಂಬತ್ತು ವಾರಕ್ಕೆ ಮುಚ್ಚಿತು. ಮುಚ್ಚಿದವರಲ್ಲಿ ಸುಮಾರು 40% ಜನಕ್ಕೆ ಒಂದು ವರ್ಷದೊಳಗೆ ಮತ್ತೆ ಆಗತ್ತೆ ಅಂತ ಡಾಕ್ಟರು ಅವತ್ತೇ ಹೇಳಿದ್ರು, ಆದ್ರಿಂದ ಹಳೇ ಹವಾಯಿ ಚಪ್ಪಲಿ ಕಸಕ್ಕೆ ಹೋಯ್ತು. ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ, ಹಿಂದೆ ಪಟ್ಟಿ ಇರೋ, ಬೆರಳ ಮಧ್ಯೆ ಏನೂ ಸಿಗಿಸದ ಚಪ್ಪಲಿ ಅಳತೆ ಕೊಟ್ಟು ಮಾಡಿಸಿ, ಒಂದು ಹೊರಗೆ ಒಂದು ಮನೆ ಒಳಗೆ. ಬೆಂಗಳೂರಿನ ಐಐಎಸ್‌ಸಿಯವರು ಕರ್ನಾಟಕ ಎಂಡೋಕ್ರಿನಾಲಜಿ ಸಂಸ್ಥೆ ಜೊತೆ ಸೇರಿ ತ್ರೀಡಿ ಪ್ರಿಂಟ್ ಮಾಡಿದ ಸ್ಯಾಂಡಲ್ ಒಂದನ್ನ ರೂಪಿಸಿದಾರೆ, ಒತ್ತಡ ಮಿತಿ ಮೀರಿದ ಕಡೆ ಅದರ ಕಮಾನು ಹೆಣ್ಮಕ್ಕಳ ಟಿಕ್‌ಟಾಕ್ ಕ್ಲಿಪ್ ಥರ ಟಕ್ ಅಂತ ಆ ಕಡೆ ಮಗುಚಿ ಭಾರ ಪಕ್ಕಕ್ಕೆ ಹೋಗತ್ತೆ. ಯಾವ ಚಪ್ಪಲಿನೇ ಆಗ್ಲಿ ಮೊದಲ ದಿನ ಒಂದು ಗಂಟೆ ಹಾಕಿಸಿ, ಬಿಚ್ಚಿ ಪಾದ ನೋಡಿ, ಎಲ್ಲಾದ್ರೂ ಕೆಂಪಾಗಿ ಇಪ್ಪತ್ತು ನಿಮಿಷ ಆದ್ರೂ ಹೋಗ್ಲಿಲ್ಲ ಅಂದ್ರೆ ಮಾಡಿದವರ ಹತ್ರ ವಾಪಸ್ ತಗೊಂಡು ಹೋಗಿ ಸರಿ ಮಾಡಿಸಿ, ಕೆಂಪಾಗದಿದ್ರೆ ಮಾರನೇ ದಿನ ಎರಡು ಗಂಟೆ.