ಓವನ್‌ನಲ್ಲಿ ಗಂಟೆಗಟ್ಲೆ ಬೇಯೋ ಮಟನ್ ತೊಡೇನ ಏರ್ ಫ್ರೈಯರ್‌ನಲ್ಲಿ ಮಾಡೋದು ಹೇಗೆ

ಓವನ್ ರೆಸಿಪಿಗಳಲ್ಲಿ 160 ಡಿಗ್ರೀಲಿ ಮೂರು ಗಂಟೆ ಅಂತ ಬರ್ದಿರ್ತಾರಲ್ಲ, ಆ ಇಡೀ ಮಟನ್ ತೊಡೆ ಏರ್ ಫ್ರೈಯರ್‌ನಲ್ಲೂ ಚೆನ್ನಾಗೇ ಆಗುತ್ತೆ. ಆದ್ರೆ 20 ಡಿಗ್ರಿ ಇಳ್ಸಿ, ಟೈಮ್ ಕಾಲು ಭಾಗ ಕಮ್ಮಿ ಮಾಡಿ ಅಂತ ಎಲ್ರೂ ಹೇಳೋ ಲೆಕ್ಕ ಇದೆಯಲ್ಲ, ಅದು ಕಬಾಬಿಗೆ, ಚಿಕನ್ ಲೆಗ್ಗಿಗೆ ಸರಿ, ಇದಕ್ಕೆ ಸಾಲಲ್ಲ. ತೊಡೆ, ಭುಜ ಎಲ್ಲ ತುಂಬಾ ಕೆಲ್ಸ ಮಾಡಿರೋ ಮಾಂಸ, ಅದ್ರಲ್ಲಿರೋ ಕೊಲಾಜನ್ ಅನ್ನೋ ಗಟ್ಟಿ ನಾರು ಕರಗಿ ಮೆತ್ತನೆ ಜೆಲಟಿನ್ ಆದ್ರೇನೇ ಮಾಂಸ ಮೆತ್ತಗಾಗೋದು, ಅದಕ್ಕೆ ನಿಧಾನವಾಗಿ ಟೈಮ್ ಕೊಡ್ಬೇಕು, ಅಷ್ಟೊತ್ತೂ ಫ್ಯಾನ್ ಗಾಳಿ ನೇರವಾಗಿ ಹೊಡೀತಾ ಇದ್ರೆ ಮೇಲೆಲ್ಲ ಒಣಗೋಗುತ್ತೆ ಒಳಗಡೆ ಮಾತ್ರ ಹಾಗೇ ಗಟ್ಟಿ. ಅದಕ್ಕೇ ಮೊದ್ಲು ಮುಚ್ಚಿ ಬೇಯ್ಸಿ, ಕೊನೇಲಿ ಬಿಚ್ಚಿ ಬಣ್ಣ ಬರ್ಸಿ.

ಮಟನ್ ಅಂಗಡೀಲಿ ಎಳೇ ಮರಿಯ ತೊಡೆ ಕೇಳಿ, ಒಂದು ಕೆಜಿ ಆಸುಪಾಸಿನದು. 5 ಲೀಟರ್ ಬ್ಯಾಸ್ಕೆಟ್‌ಗೆ ಅದಕ್ಕಿಂತ ದೊಡ್ದು ಬೇಡ. ಮೊಣಕಾಲಿನ ಹತ್ರ ಮೂಳೆ ಕತ್ತರಿಸಿ ಕೊಡೋಕೆ ಹೇಳಿ, ಇಲ್ಲಾಂದ್ರೆ ಮಡಚೋಕೂ ಆಗಲ್ಲ ಬ್ಯಾಸ್ಕೆಟ್ ಒಳಗೆ ಹೋಗೋದೂ ಇಲ್ಲ. ಅಲ್ಲಲ್ಲಿ ಆಳವಾಗಿ ಗೀರಿ, ಉಪ್ಪು, ಶುಂಠಿ-ಬೆಳ್ಳುಳ್ಳಿ, ಮೊಸರು, ಖಾರದಪುಡಿ, ಗರಂ ಮಸಾಲ ಮತ್ತೆ ಒಂದೇ ಒಂದು ಸ್ಪೂನ್ ಹಸಿ ಪಪ್ಪಾಯಿ ಪೇಸ್ಟ್ ಹಚ್ಚಿ ರಾತ್ರಿ ಫ್ರಿಜ್‌ನಲ್ಲಿಡಿ. ಪಪ್ಪಾಯಿ ಜಾಸ್ತಿ ಆದ್ರೆ ಮೇಲಿನ ಮಾಂಸ ಹಿಟ್ಟು ಹಿಟ್ಟಾಗುತ್ತೆ.

ಬೇಯ್ಸೋಕೆ ಒಂದು ಗಂಟೆ ಮುಂಚೆ ಹೊರಗಿಡಿ. ಮೊದ್ಲು ಬಟರ್ ಪೇಪರ್‌ನಲ್ಲಿ ಸುತ್ತಿ ಆಮೇಲೆ ಅದರ ಮೇಲೆ ಫಾಯಿಲ್, ಯಾಕಂದ್ರೆ ಮೊಸರಿನ ಹುಳಿ ನೇರವಾಗಿ ಅಲ್ಯುಮಿನಿಯಂಗೆ ತಾಗಬಾರ್ದು. ಒಳಗೆ ಕಾಲು ಲೋಟ ನೀರು ಹಾಕಿ ಅಂಚುಗಳನ್ನ ಗಟ್ಟಿಯಾಗಿ ಮಡಚಿ. ಇದು ತುಂಬಾ ಮುಖ್ಯ ಕಣ್ರೀ, ಸಡಿಲ ಇರೋ ಫಾಯಿಲ್ ಗಾಳಿಗೆ ಮೇಲೆದ್ದು ಕಾಯೋ ಕಾಯಿಲ್‌ಗೆ ಅಂಟ್ಕೊಳತ್ತೆ. ಬ್ಯಾಸ್ಕೆಟ್ ತಳದ ತೂತೆಲ್ಲ ಮುಚ್ಚೋ ಹಂಗೆ ಹಾಸ್ಬೇಡಿ, ಪೊಟ್ಟಣದ ಸುತ್ತ ಗಾಳಿ ಓಡಾಡೋ ಜಾಗ ಬಿಡಿ.

150 ಡಿಗ್ರೀಲಿ ಎರಡು ಗಂಟೆ. ಸುಮಾರು ಮಷಿನ್‌ಗಳ ಟೈಮರ್ 60 ನಿಮಿಷಕ್ಕೆ ನಿಂತೋಗುತ್ತೆ, ಮತ್ತೆ ಸೆಟ್ ಮಾಡಿ, ಹಾಗೇ ಆವಾಗ್ಲೇ ಪೊಟ್ಟಣ ತಿರುಗ್ಸಿಬಿಡಿ, ಬಿಸಿ ಮೇಲಿಂದಾನೇ ಬರೋದ್ರಿಂದ ಒಂದೇ ಕಡೆ ಜಾಸ್ತಿ ಬೇಯುತ್ತೆ. ಆಯ್ತಾ ಇಲ್ವಾ ನೋಡೋಕೆ ಗಡಿಯಾರ ನಂಬ್ಬೇಡಿ, ಮೂಳೆ ಪಕ್ಕ ಚಾಕು ಚುಚ್ಚಿ, ತಡೆಯಿಲ್ದೆ ಸರ್ರಂತ ಇಳೀಬೇಕು, ಥರ್ಮಾಮೀಟರ್ ಇದ್ರೆ 90ರಿಂದ 95 ಡಿಗ್ರಿ ತೋರಿಸ್ಬೇಕು. ಇಳೀಲಿಲ್ವಾ, ಇನ್ನೊಂದು 20 ನಿಮಿಷ. ಮಾಂಸ ಬಲಿತದ್ದು ಅಂತ ಅನ್ಸಿದ್ರೆ ಮೊದ್ಲೇ ಕುಕ್ಕರಲ್ಲಿ ಮೂರು ವಿಷಲ್ ಕೂಗ್ಸಿ ಆಮೇಲೆ ಇಲ್ಲಿಗೆ ತನ್ನಿ, ಅದ್ರಲ್ಲಿ ಏನೂ ತಪ್ಪಿಲ್ಲ.

ಈಗ ಬಿಚ್ಚಿ, ಒಳಗಿನ ರಸ ಪಾತ್ರೆಗೆ ಬಗ್ಗಿಸ್ಕೊಳಿ, ಮಾಂಸಕ್ಕೆ ತುಪ್ಪ ಸವರಿ 200 ಡಿಗ್ರೀಲಿ 8ರಿಂದ 10 ನಿಮಿಷ. ಜೇನುತುಪ್ಪ, ಬೆಲ್ಲ ಹಾಕೋ ರೆಸಿಪಿ ಆದ್ರೆ ಅದನ್ನ ಕೊನೇ ಮೂರು ನಿಮಿಷಕ್ಕಷ್ಟೇ ಹಚ್ಚಿ, ಬೇಗ ಕರಕಾಗುತ್ತೆ.

ಹಂದಿ ಭುಜದ ಮಾಂಸಕ್ಕೂ ಇದೇ ರೀತಿ, ಪಪ್ಪಾಯಿ ಬೇಡ. ಕೊಡಗಿನ ರುಚಿ ಬೇಕಂದ್ರೆ ಕಾಳುಮೆಣಸು, ಹುರಿದ ಜೀರಿಗೆ ಹಾಕಿ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಪೊಟ್ಟಣ ಬಿಚ್ಚಿದ ಮೇಲೆ ಸವರಿ. ಕೊಬ್ಬು ಜಾಸ್ತಿ ಇಳಿಯೋದ್ರಿಂದ ಬ್ಯಾಸ್ಕೆಟ್ ಕೆಳಗಿನ ಡ್ರಾಯರ್‌ಗೆ ಸ್ವಲ್ಪ ನೀರು ಹಾಕಿ, ಹೊಗೆ ಕಮ್ಮಿ ಆಗುತ್ತೆ.

ತೆಗೆದ ಮೇಲೆ 15 ನಿಮಿಷ ಕತ್ತರಿಸ್ದೆ ಬಿಡಿ, ಅಷ್ಟರೊಳಗೆ ಆ ರಸಾನ ಬಾಣಲೇಲಿ ಕುದಿಸಿ ಗಟ್ಟಿ ಮಾಡಿ ಮೇಲೆ ಸುರೀರಿ.