ಕಟಕಟ ಅನ್ನುತ್ತಿದ್ದ ಡ್ರೈವ್‌ನಿಂದ ಆರು ವರ್ಷದ ಮದುವೆಗಳನ್ನು ಹೊರತಂದೆ

"ಹೋದದ್ದು ಹೋಯ್ತು ಬಿಡಿ ಸರ್" ಎಂದು ನಾಲ್ಕು ಜನ ಹೇಳಿದ್ದರು. ದಾವಣಗೆರೆಯಲ್ಲಿ ನನ್ನದು ಚಿಕ್ಕ ಸ್ಟುಡಿಯೋ. 2 ಟಿಬಿ ಬ್ಯಾಕಪ್ ಡ್ರೈವ್‌ನಲ್ಲಿ ಆರು ವರ್ಷದ ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲ ಇತ್ತು. ಕಂಪ್ಯೂಟರ್‌ನಲ್ಲಿ ಜಾಗ ಸಾಲದೆ ಅಸಲು ಫೈಲ್‌ಗಳನ್ನು ಅಳಿಸಿದ್ದೆ. ಇದ್ದದ್ದು ಅದೊಂದೇ ಪ್ರತಿ, ಆ ಡ್ರೈವೇ ಕೈಕೊಟ್ಟಿತು.

ಮೊದಲ ತಪ್ಪು ನನ್ನದೇ. ಡ್ರೈವ್ ಸರಿಪಡಿಸಬೇಕಾ ಎಂದು ವಿಂಡೋಸ್ ಕೇಳಿದಾಗ ಹೂಂ ಅಂದೆ. ಅದರ ರಿಪೇರಿ ಪ್ರೋಗ್ರಾಂ ಚೆಕ್‌ಡಿಸ್ಕ್ ರಾತ್ರಿಯಿಡೀ ಓಡಿತು. ಪೆಂಡಿಂಗ್ ಸೆಕ್ಟರ್ (ಓದಲು ಆಗದೆ ಡ್ರೈವ್ ಗುರುತು ಹಾಕಿಟ್ಟ ಚಿಕ್ಕ ಚಿಕ್ಕ ಜಾಗ) 200ರ ಆಸುಪಾಸು ಇದ್ದದ್ದು ಬೆಳಿಗ್ಗೆ 1,800 ದಾಟಿತ್ತು. ಕೆಲವು ಫೋಲ್ಡರ್‌ಗಳೇ ಕಾಣಲಿಲ್ಲ. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು.

ಫ್ರೀಜರ್‌ನಲ್ಲಿಡಿ ಅಂದರು ಒಬ್ಬರು. ಅದನ್ನು ಸತ್ತುಹೋಗಿದ್ದ ಹಳೇ ಡ್ರೈವ್ ಮೇಲೆ ನೋಡಿದೆ. ಹೊರಗೆ ತೆಗೆದ ಹತ್ತೇ ನಿಮಿಷಕ್ಕೆ ಬೋರ್ಡ್ ಮೇಲೆ ನೀರಹನಿ. ದಯವಿಟ್ಟು ಯಾರೂ ಮಾಡಬೇಡಿ. ಬೆಂಗಳೂರಿನ ರಿಕವರಿ ಅಂಗಡಿಯವರು 28 ಸಾವಿರ ಹೇಳಿದರು, ಗ್ಯಾರಂಟಿ ಇಲ್ಲ ಅಂತಲೂ ಹೇಳಿದರು.

ಕೊನೆಗೆ ಒಂಬತ್ತೂವರೆ ಸಾವಿರ ಕೊಟ್ಟು 4 ಟಿಬಿ ಹೊಸ ಡ್ರೈವ್ ತಂದೆ. ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿ ಕೆಟ್ಟ ಡ್ರೈವ್‌ನಿಂದ ಓದಲಾದಷ್ಟನ್ನು ನಕಲು ಮಾಡುವ ಡಿಡಿರೆಸ್ಕ್ಯೂ ಪ್ರೋಗ್ರಾಂ ಹಿಡಿದೆ. ಹಳೆಯದರ ಕೇಸಿಂಗ್ ಬಿಚ್ಚಿ ಕಂಪ್ಯೂಟರ್ ಒಳಗಿನ ಸಾಟಾ ಕನೆಕ್ಟರ್‌ಗೆ ನೇರ ಸಿಕ್ಕಿಸಿದೆ. ಯುಎಸ್‌ಬಿಯಲ್ಲಿ ಇದ್ದಾಗ ಎರರ್ ಬಂದ ಕೂಡಲೇ ಡ್ರೈವ್ ಮಾಯವಾಗುತ್ತಿತ್ತು. (ಕೆಲವು ಡ್ರೈವ್‌ಗಳಲ್ಲಿ ಯುಎಸ್‌ಬಿ ಪೋರ್ಟ್ ಬೋರ್ಡ್‌ಗೇ ಬೆಸೆದಿರುತ್ತದೆ, ಬಿಚ್ಚುವ ಮೊದಲು ನೋಡಿಕೊಳ್ಳಿ.)

ಮೊದಲ ಸುತ್ತು ಮೈನಸ್ ಎನ್ (-n) ಆಯ್ಕೆ, ಕೆಟ್ಟ ಜಾಗಗಳನ್ನು ಕೆದಕದೆ ಮುಂದೆ ಹೋಗಲು. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್‌ಫೈಲ್ ಕಡ್ಡಾಯ. ಒಂದೇ ದಿನದಲ್ಲಿ ಸುಮಾರು 1.1 ಟಿಬಿ ಬಂತು. ಆಮೇಲೆ ವೇಗ ಕೆಬಿ ಲೆಕ್ಕಕ್ಕೆ ಇಳಿದು ಕಟಕಟ ಶುರು. ತಕ್ಷಣ ನಿಲ್ಲಿಸಿದೆ. ಒಂದು ಗಂಟೆ ಬಿಟ್ಟು ದೊಡ್ಡ ಆರ್ (-R) ಆಯ್ಕೆ ಹಾಕಿ ಹಿಂದಿನಿಂದ ಓದಿಸಿದೆ. ಆ ಕಡೆಯ ಭಾಗ ಸಲೀಸಾಗಿ ಬಂತು! ನಡುವೆ ಸಿಕ್ಕಿಕೊಂಡದ್ದು 30 ಜಿಬಿಯಷ್ಟು ಮಾತ್ರ.

ಆ 30 ಜಿಬಿಗೇ ಒಂಬತ್ತು ದಿನ ಹಿಡಿಯಿತು. 40 ನಿಮಿಷ ಓಡಿಸುವುದು, ಒಂದು ಗಂಟೆ ಆರಲು ಬಿಡುವುದು, ಪಕ್ಕದಲ್ಲಿ ಟೇಬಲ್ ಫ್ಯಾನ್. ಕೊನೆಗೆ ಡಿಸ್ಕನ್ನು ನೇರವಾಗಿ ಓದಿಸುವ ಮೈನಸ್ ಡಿ (-d), ಓದಲಾಗದ ಜಾಗಗಳಿಗೆ ಮೂರು ಸಲ ರೀಟ್ರೈ. ಆ ಹೊತ್ತಿಗೆ ಡ್ರೈವ್ ಇಡುವ ರೀತಿಯಲ್ಲಿ ಒಂದು ಉಪಾಯ ಮಾಡಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಉಳಿದದ್ದು 60 ಎಂಬಿ ಚಿಲ್ಲರೆ.

ಯಾವ ಫೋಟೊ ಕೆಟ್ಟಿದೆ ಎಂದು ತಿಳಿಯಬೇಕಲ್ವಾ? ಇಮೇಜ್‌ನ (ಹೀಗೆ ತೆಗೆದ ಡ್ರೈವ್‌ನ ನಕಲಿನ) ಇನ್ನೊಂದು ಪ್ರತಿಯಲ್ಲಿ, ಓದಲಾಗದ ಸೆಕ್ಟರ್‌ಗಳಿಗೆಲ್ಲ ಡಿಡಿರೆಸ್ಕ್ಯೂನ ಫಿಲ್ ಮೋಡ್‌ನಿಂದ ಒಂದು ಗುರುತಿನ ಪದ ತುಂಬಿ, ಆ ಪದ ಇರುವ ಫೈಲ್‌ಗಳನ್ನು ಹುಡುಕಿಸಿದೆ. ಎರಡು ಲಕ್ಷದಷ್ಟು ಫೈಲ್‌ಗಳಲ್ಲಿ ಕೆಟ್ಟದ್ದು 37 ಫೋಟೊ, ಎರಡು ವಿಡಿಯೋ. ನಮ್ಮ ಊರಲ್ಲಿ ಇಷ್ಟು ತೆಗೆದವರನ್ನು ನಾನು ನೋಡಿಲ್ಲ.

"ಬಿಡಿ ಸರ್" ಅಂದಿದ್ದವರಲ್ಲಿ ಒಬ್ಬರು ಮೊನ್ನೆ ತಮ್ಮ ಡ್ರೈವ್ ತಂದು ಟೇಬಲ್ ಮೇಲಿಟ್ಟರು. ಚೆಕ್‌ಡಿಸ್ಕ್ ಓಡಿಸಿಲ್ಲ ತಾನೇ ಎಂದು ಮೊದಲು ಕೇಳಿದೆ.